ಡಿಸ್ಚಾರ್ಜ್ ಆದ ಮೇಲೆ: ಕೊನೆಗಾಲಕ್ಕೆ ಬೇಕಾದದ್ದು ಒಬ್ಬ ನರ್ಸ್, ಒಂದು ಮಾತ್ರೆ, ಒಂದು ಸಹಿ

ಮುಂಬೈ, ಪುಣೆಯ ಆಸ್ಪತ್ರೆಗಳಲ್ಲಿ ‘ಡಾಮಾ’ ಅನ್ನುವ ಮಾತು ವಾರ್ಡ್‌ಬಾಯ್‌ಗಳಿಗೂ ಗೊತ್ತು. ಡಿಸ್ಚಾರ್ಜ್ ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್. ವೈದ್ಯರ ಸಲಹೆ ಮೀರಿ ನಮ್ಮ ರೋಗಿಯನ್ನು ನಾವೇ ಕರೆದೊಯ್ಯುತ್ತಿದ್ದೇವೆ ಎಂದು ಮನೆಯವರು ಸಹಿ ಹಾಕಿ ಕೊಡುವ ಕಾಗದ. ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೆ ಹರಡಿದೆ, ಕಿಡ್ನಿ ಸೋತಿದೆ, ಐಸಿಯು ಬಿಲ್ಲು ಏರುತ್ತಲೇ ಇದೆ. ‘ಇನ್ನೇನೂ ಮಾಡುವ ಹಾಗಿಲ್ಲ’ ಎಂದು ಡಾಕ್ಟರು ಬಾಯಲ್ಲಿ ಹೇಳುತ್ತಾರೆ, ಕೇಸ್‌ಪೇಪರಿನಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಪೊಲೀಸು, ಕೋರ್ಟು ಎಂಬ ಅಳುಕು. ಮನೆಯವರ ಕೈಲಿ ದುಡ್ಡೂ ಇಲ್ಲ, ಧೈರ್ಯವೂ ಇಲ್ಲ. ಕೊನೆಗೆ ಸಹಿ ಬೀಳುತ್ತದೆ, ಆಂಬುಲೆನ್ಸ್ ಬರುತ್ತದೆ. ಸಲಹೆಗೆ ವಿರುದ್ಧವಾಗಿ ಹೋದವರಿಗೆ ಮುಂದಿನ ಸಲಹೆ ಯಾರು ಕೊಡುತ್ತಾರೆ? ನೋವಿನ ಮಾತ್ರೆ ಇಲ್ಲ, ಮನೆಗೆ ಬರುವ ನರ್ಸ್ ಇಲ್ಲ, ರಾತ್ರಿ ಉಸಿರು ಕಟ್ಟಿದರೆ ಫೋನು ಎತ್ತುವವರಿಲ್ಲ.

ಕಡತಗಳಲ್ಲಿ ಏನೇ ಇರಲಿ, ಕೊನೆಗಾಲದ ಬಗ್ಗೆ ನಮ್ಮಲ್ಲಿ ನಿಜವಾಗಿ ನಡೆಯುವ ‘ನೀತಿ’ ಈ ಡಾಮಾ ಕಾಗದ. ಕಡತಗಳಿಗಂತೂ ಕೊರತೆ ಇಲ್ಲ. ಕೇಂದ್ರ ಸರ್ಕಾರ 2012ರಲ್ಲೇ ರಾಷ್ಟ್ರೀಯ ಪ್ಯಾಲಿಯೇಟಿವ್ ಕೇರ್ ಕಾರ್ಯಕ್ರಮ ರೂಪಿಸಿತು; ಪ್ಯಾಲಿಯೇಟಿವ್ ಕೇರ್ ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ. ರಾಜ್ಯಗಳಲ್ಲಿ ಕೇರಳ 2008ರಲ್ಲಿ, ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2016ರಲ್ಲಿ ನೀತಿ ತಂದವು. 2018ರಲ್ಲಿ ಬಂದ ಹೆಲ್ತ್ ಆಂಡ್ ವೆಲ್‌ನೆಸ್ ಸೆಂಟರ್‌ಗಳು, ಅಂದರೆ ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಗಳು, ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ವೃದ್ಧರ ಆರೈಕೆಯ ಜೊತೆಗೆ ಪ್ಯಾಲಿಯೇಟಿವ್ ಕೇರ್ ಕೂಡ ಇದೆ. 2014ರಲ್ಲಿ ವಿಶ್ವ ಆರೋಗ್ಯ ಸಭೆ ಇದೇ ವಿಷಯಕ್ಕೆ ನಿರ್ಣಯ ಮಾಡಿದಾಗ ಭಾರತವೂ ಕೈ ಎತ್ತಿತ್ತು. ಆದರೂ ಜಗತ್ತಿನಲ್ಲಿ ಈ ಆರೈಕೆ ಬೇಕಾದವರಲ್ಲಿ ಸುಮಾರು ಶೇ. 14 ಜನರಿಗಷ್ಟೇ ಅದು ಸಿಗುತ್ತಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಗದವರಲ್ಲಿ ಬಹುಪಾಲು ಜನ ನಮ್ಮಂಥ ದೇಶಗಳವರು.

ಎಲ್ಲಿ ಎಡವಿದ್ದೇವೆ? ಇತ್ತೀಚಿನ ಚರ್ಚೆಯೆಲ್ಲ ‘ಲಿವಿಂಗ್ ವಿಲ್’, ಅಂದರೆ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರದ ಸುತ್ತ ಸುತ್ತುತ್ತಿದೆ. ಅದು ಬೇಕು, ಬೇಡವೆಂದಲ್ಲ. ಆದರೆ ಅದು ವೆಂಟಿಲೇಟರ್ ಬೇಡ ಎನ್ನುವ ಹಕ್ಕು. ಬೇಡ ಎಂದ ಮೇಲೆ ಏನು ಸಿಗಬೇಕು ಎಂಬ ಹಕ್ಕಿನ ಬಗ್ಗೆ ಆದೇಶವೂ ಇಲ್ಲ, ಬಜೆಟ್ಟೂ ಇಲ್ಲ.

ಅರುಣಾ ಪ್ರಕರಣದಿಂದ ಅರ್ಧ ಪಾಠ

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಹೆಸರು ಕನ್ನಡಿಗರಿಗೆ ಹೊಸದಲ್ಲ. 1973ರ ನವೆಂಬರ್‌ನಲ್ಲಿ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವಾಧಾರ ಚಿಕಿತ್ಸೆ ಹಿಂತೆಗೆಯಬಹುದು ಎಂಬ ಬಾಗಿಲನ್ನೂ ತೆರೆಯಿತು. ಮುಂದಿನ ಕಾನೂನೆಲ್ಲ ಬೆಳೆದದ್ದು ಆ ಬಾಗಿಲಿನಿಂದ.

ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿ ಇತ್ತು. ಅಷ್ಟು ವರ್ಷ ಮಲಗಿದ್ದ ಆಕೆಗೆ ಒಂದು ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಕೂಡ ಆಗದಂತೆ ಕೆಇಎಂನ ನರ್ಸ್‌ಗಳು ನೋಡಿಕೊಂಡಿದ್ದರು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು, ಬಾಯಿ ಒರೆಸುವುದು, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸುವುದು: ಇದಕ್ಕೆ ಯಂತ್ರ ಬೇಡ, ಕೈಗಳು ಬೇಕು. ಸರ್ಕಾರಗಳು ಅರುಣಾ ಪ್ರಕರಣದಿಂದ ‘ನಿಲ್ಲಿಸುವ’ ಪಾಠವನ್ನು ಕಲಿತವು, ‘ನೋಡಿಕೊಳ್ಳುವ’ ಪಾಠವನ್ನು ಆ ವಾರ್ಡಿನಲ್ಲೇ ಬಿಟ್ಟುಬಂದವು.

ಲಿವಿಂಗ್ ವಿಲ್: ಎಷ್ಟು ಸುಲಭವಾಗಿದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ, ಅಂದರೆ ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದಿತು. ಆದರೆ ಹಾಕಿದ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ, ಮ್ಯಾಜಿಸ್ಟ್ರೇಟರ ಮುಂದೆ ಸಹಿ ಮಾಡಬೇಕು, 20 ವರ್ಷ ಅನುಭವದ ತಜ್ಞರ ಮಂಡಳಿ ಬೇಕು, ಹೀಗೆ ಯಾರೂ ಆ ದಾರಿ ತುಳಿಯುವಂತಿರಲಿಲ್ಲ. 2023ರ ಜನವರಿ 24ರಂದು ಕೋರ್ಟ್ ತಾನೇ ಅದನ್ನು ಸಡಿಲಿಸಿತು.

ಈಗಿನ ಕ್ರಮ ಹೀಗಿದೆ. 18 ತುಂಬಿದ, ಬುದ್ಧಿ ಸ್ವಸ್ಥವಾಗಿರುವ ಯಾರೇ ಆಗಲಿ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಸ್ಪಷ್ಟವಾಗಿರಬೇಕು. ‘ನನ್ನನ್ನು ಸುಮ್ಮನೆ ಎಳೆದಾಡಬೇಡಿ’ ಎಂದು ಬರೆದರೆ ಯಾವ ಡಾಕ್ಟರಿಗೂ ಉಪಯೋಗವಿಲ್ಲ. ವೆಂಟಿಲೇಟರ್, ಡಯಾಲಿಸಿಸ್, ಎದೆ ಒತ್ತುವುದು, ಮೂಗಿನ ನಳಿಕೆಯ ಆಹಾರ ಎಂದು ಒಂದೊಂದನ್ನೂ ಹೆಸರಿಸಬೇಕು. ತನ್ನ ಪರವಾಗಿ ನಿರ್ಧಾರ ಹೇಳುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಇದ್ದರೆ ಒಳ್ಳೆಯದು, ಅವರಲ್ಲಿ ಒಬ್ಬರು ಅಮೆರಿಕದಲ್ಲಿದ್ದರೆ ಇನ್ನೊಬ್ಬರು ಡೊಂಬಿವಿಲಿಯಲ್ಲಾದರೂ ಇರಲಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಬಳಿಕ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಪ್ರತಿಗಳು ಹೆಸರಿಸಿದವರಿಗೆ, ಕುಟುಂಬದ ವೈದ್ಯರಿಗೆ, ಸ್ಥಳೀಯ ಸಂಸ್ಥೆಯ ನಿಯುಕ್ತ ಅಧಿಕಾರಿಗೆ. ಯಾವಾಗ ಬೇಕಾದರೂ ಬರಹದಲ್ಲೇ ರದ್ದು ಮಾಡಬಹುದು.

ಜಾರಿಗೆ ತರುವಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮೊದಲು ನೋಡುತ್ತದೆ. ಅದರಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಎರಡನೇ ಮಂಡಳಿಯಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬರು ಮತ್ತು ಬೇರೆ ಇಬ್ಬರು ತಜ್ಞರು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು, ಅವರ ಅಪ್ಪಣೆಗೆ ಕಾಯಬೇಕಿಲ್ಲ. ವಿಲ್ ಬರೆಯದವರಿಗೂ ಮನೆಯವರ ಒಪ್ಪಿಗೆಯ ಮೇಲೆ ಇದೇ ದಾರಿ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಆಸ್ಪತ್ರೆಯ ಆಡಳಿತದವರಿಗೂ.

ಗೋವಾ ಇದರಲ್ಲಿ ಮುಂದೆ ಹೋಯಿತು. 2024ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠದ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಅವರೇ ತಮ್ಮ ವಿಲ್ ನೋಂದಾಯಿಸಿ ಚಾಲನೆ ಕೊಟ್ಟರು. ಮಹಾರಾಷ್ಟ್ರದಲ್ಲಿ ಮುಂಬೈನ ವೈದ್ಯ ಡಾ. ನಿಖಿಲ್ ದಾತಾರ್ ಹೈಕೋರ್ಟಿಗೆ ಹೋದ ಮೇಲಷ್ಟೇ ಸ್ಥಳೀಯ ಸಂಸ್ಥೆಗಳಲ್ಲಿ ಇಂಥ ಪತ್ರಗಳನ್ನು ಕಾಪಿಡುವ ಅಧಿಕಾರಿಗಳ ನೇಮಕವಾಯಿತು. ಕರ್ನಾಟಕ 2025ರ ಜನವರಿ 30ರಂದು ಎರಡನೇ ಮಂಡಳಿಗೆ ವೈದ್ಯರನ್ನು ಹೆಸರಿಸುವ ಆದೇಶ ಹೊರಡಿಸಿತು.

ಸಿಕ್ಕು ಎರಡನೇ ಮಂಡಳಿಯಲ್ಲಿದೆ. ಪರೇಲ್‌ನ ದೊಡ್ಡ ಆಸ್ಪತ್ರೆಗೆ ಆರು ತಜ್ಞರು ಸಿಗುವುದು ಕಷ್ಟವಲ್ಲ. ಕಲ್ಯಾಣದ ಅಥವಾ ಪಿಂಪ್ರಿಯ 20 ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಮೊದಲ ಮಂಡಳಿಗೇ ಜನ ಇಲ್ಲ. ಪ್ರತಿ ರೋಗಿಗೂ ಪತ್ರ ಬರೆದು, ಅಧಿಕಾರಿ ಹೆಸರು ಸೂಚಿಸಿ, ಆ ವೈದ್ಯರು ಬಿಡುವು ಮಾಡಿಕೊಂಡು ಬರುವಷ್ಟರಲ್ಲಿ ಒಂದೋ ರೋಗಿ ತೀರಿಕೊಂಡಿರುತ್ತಾರೆ, ಇಲ್ಲ ಡಾಮಾ ಕಾಗದಕ್ಕೆ ಸಹಿ ಬಿದ್ದಿರುತ್ತದೆ. ಪರಿಹಾರ ಸರಳ. ಜಿಲ್ಲೆಗೆ ಹತ್ತಾರು ವೈದ್ಯರ ಸ್ಥಾಯಿ ಪಟ್ಟಿ, ಸರದಿಯ ಪ್ರಕಾರ ಯಾರ ಪಾಳಿ ಎಂಬುದು ಎಲ್ಲ ಆಸ್ಪತ್ರೆಗಳಿಗೂ ಮೊದಲೇ ತಿಳಿದಿರುವುದು, ವಿಡಿಯೊ ಕರೆಯಲ್ಲಿ ಕೇಸ್‌ಪೇಪರ್ ನೋಡಿ ಅಭಿಪ್ರಾಯ ಕೊಡಲು ಅವಕಾಶ. ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ 2024ರ ಸೆಪ್ಟೆಂಬರ್‌ನಲ್ಲಿ ಕರಡು ಮಾರ್ಗಸೂಚಿ ಹೊರಡಿಸಿ ಸಲಹೆ ಕೇಳಿತ್ತು. ಇಂಥ ಮಾರ್ಗಸೂಚಿ ಎಂದರೆ ‘ಇದು ಕೊಲ್ಲುವ ಕಾನೂನೇ?’ ಎಂಬ ಭಯ ಜನರಲ್ಲಿ ಹುಟ್ಟಬಹುದು. ಆ ಭಯ ಹೋಗಬೇಕಾದರೆ, ಯಂತ್ರ ತೆಗೆದ ಮೇಲೂ ಆರೈಕೆ ನಿಲ್ಲುವುದಿಲ್ಲ ಎಂಬುದು ಕಣ್ಣಿಗೆ ಕಾಣಬೇಕು. ಅದು ಕಾಣುವುದು ತೀವ್ರ ನೋವು ಇಳಿಸುವ ಮಾರ್ಫಿನ್ ಮಾತ್ರೆಯಿಂದ.

ಮಾರ್ಫಿನ್ ಎಂಬ ಅಗ್ಗದ, ಸಿಗದ ಔಷಧಿ

ಮಾರ್ಫಿನ್‌ಗೆ ಮೂಲವಾದ ಅಫೀಮಿನ ಅಂಟನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ಏಕೈಕ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಪರವಾನಗಿಯ ಮೇಲೆ ಗಸಗಸೆ ಬೆಳೆಯುತ್ತದೆ, ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಣೆಯಾಗುತ್ತದೆ. ಆದರೂ ನಮ್ಮದೇ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುವುದಿಲ್ಲ. ಇದು ಶುರುವಾದದ್ದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಿಂದ. ಒಂದು ಲೆಕ್ಕ ತಪ್ಪಿದರೂ ಜೈಲು ಎಂಬ ಹೆದರಿಕೆ, ಅಬಕಾರಿ ಮತ್ತು ಔಷಧ ಇಲಾಖೆಗಳಿಂದ ಮೂರು ನಾಲ್ಕು ಬೇರೆ ಬೇರೆ ಪರವಾನಗಿ, ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುವುದು. ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು 1997ರಲ್ಲಿ ಇಡೀ ದೇಶಕ್ಕೆ 18 ಕಿಲೋಗೆ ಇಳಿಯಿತು. ಆ ಹೊತ್ತಿನಲ್ಲಿ ವೈದ್ಯರಾದ ಒಂದು ತಲೆಮಾರು ಆ ಮಾತ್ರೆಯನ್ನು ಕಣ್ಣಿಂದ ನೋಡಲೇ ಇಲ್ಲ.

2014ರ ತಿದ್ದುಪಡಿ ಮತ್ತು 2015ರ ನಿಯಮಗಳು ಈ ಗಂಟನ್ನು ಬಿಚ್ಚಿದವು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಿಗಳು ‘ಅಗತ್ಯ ಮಾದಕ ಔಷಧಿ’ಗಳಾದವು. ಈಗ ಬೇಕಾದದ್ದು ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಮಾನ್ಯತೆ. ಮಹಾರಾಷ್ಟ್ರ, ಗೋವಾ ಎರಡರಲ್ಲೂ ಅದನ್ನು ಕೊಡುವುದು ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಆಡಳಿತ. ನೋವು ಶಮನದಲ್ಲಿ ತರಬೇತಿ ಪಡೆದ ಒಬ್ಬ ವೈದ್ಯರಾದರೂ ಇರಬೇಕು, ಬೀಗ ಹಾಕುವ ಕಪಾಟು, ದಾಸ್ತಾನು ಪುಸ್ತಕ, ವರ್ಷಕ್ಕೆ ಎಷ್ಟು ಬೇಕು ಎಂಬ ಅಂದಾಜು ಬೇಕು. ಕಾನೂನು ಸಡಿಲವಾಗಿ ಹತ್ತು ವರ್ಷ ಕಳೆದರೂ ಸಣ್ಣ ಆಸ್ಪತ್ರೆಗಳು ಅರ್ಜಿ ಹಾಕುವುದಿಲ್ಲ. ಲಾಭವಿಲ್ಲದ ಅಗ್ಗದ ಮಾತ್ರೆಗೆ ಇಷ್ಟು ಪುಸ್ತಕ ಯಾಕೆ ಬರೆಯಬೇಕು ಎಂಬ ಲೆಕ್ಕಾಚಾರ. ದುಬಾರಿ ಫೆಂಟನಿಲ್ ಪ್ಯಾಚ್ ಮಾತ್ರ ಕೆಲವೆಡೆ ಸಿಗುತ್ತದೆ. 72 ಗಂಟೆ ಕೆಲಸ ಮಾಡುವ ಆ ಪ್ಯಾಚು ನೋವು ಹತೋಟಿಗೆ ಬಂದು ಸ್ಥಿರವಾದವರಿಗೆ. ಏರಿಳಿಯುವ ನೋವಿಗೆ ಮೊದಲ ದಿನವೇ ಅಂಟಿಸಿದರೆ ಹಣ ಹೋಗುತ್ತದೆ, ನೋವು ಹೋಗುವುದಿಲ್ಲ.

ಮಾತ್ರೆ ಸಿಕ್ಕ ಮೇಲೂ ಕೆಡುವ ಜಾಗಗಳಿವೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ವೈದ್ಯರು 10 ಮಿಲಿಗ್ರಾಂ ಬರೆದರೆ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ ಒಂದೊಂದು, ರಾತ್ರಿ 10ಕ್ಕೆ ಎರಡು. ಆಗ ನಡುರಾತ್ರಿ ಏಳಿಸಬೇಕಿಲ್ಲ. ದಿನಕ್ಕೆ 60 ಮಿಲಿಗ್ರಾಂ ಆಯಿತು. ನಡುವೆ ನೋವು ಎದ್ದರೆ ದಿನದ ಮೊತ್ತದ ಆರನೇ ಒಂದು ಭಾಗ, ಅಂದರೆ ಇನ್ನೊಂದು 10 ಮಿಲಿಗ್ರಾಂ ಹೆಚ್ಚುವರಿ ಡೋಸ್. ವಯಸ್ಸಾದವರಿಗೆ, ಕಿಡ್ನಿ ಸೋತವರಿಗೆ ಇದಕ್ಕಿಂತ ಬಹಳ ಕಡಿಮೆಯಿಂದ, ಎಷ್ಟೋ ಸಲ ಎರಡೂವರೆ ಮಿಲಿಗ್ರಾಂನಿಂದ, ಶುರು ಮಾಡುತ್ತಾರೆ. ಡೋಸ್ ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಪಕ್ಕದ ಮನೆಯವರ ಚೀಟಿ ನೋಡಿ ಅಲ್ಲ.

ಮನೆಯಲ್ಲಿ ನಡೆಯುವುದೇ ಬೇರೆ. ‘ಸ್ಟ್ರಾಂಗ್ ಮಾತ್ರೆಯಂತೆ, ನೋವು ತಡೆಯಲಾರದಾಗ ಮಾತ್ರ ಕೊಡೋಣ’ ಎಂದು ತಡೆದು ಕೊಡುತ್ತಾರೆ. ನೋವು ತಲೆಗೇರಿದ ಮೇಲೆ ಒಂದು ಮಾತ್ರೆ ಸಾಲುವುದಿಲ್ಲ. ಎರಡನೆಯದು ಮಲಬದ್ಧತೆ. ಮಾರ್ಫಿನ್ ಜೊತೆಗೆ ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಬೇಕು. ಅದನ್ನು ಬರೆಯದಿದ್ದರೆ, ಬರೆದರೂ ‘ಈಗ ಭೇದಿ ಯಾಕೆ’ ಎಂದು ಮನೆಯವರು ಬಿಟ್ಟರೆ, ಐದನೇ ದಿನ ಹೊಟ್ಟೆ ಕಲ್ಲಾಗುತ್ತದೆ, ತಪ್ಪೆಲ್ಲ ಮಾರ್ಫಿನ್ ತಲೆಗೆ ಬರುತ್ತದೆ, ಮಾತ್ರೆಯೇ ನಿಲ್ಲುತ್ತದೆ. ಮೊದಲ ಕೆಲವು ದಿನದ ವಾಕರಿಕೆಯ ಕಥೆಯೂ ಇದೇ. ಮೂರನೆಯದು ದೂರ. ಮುಂಬೈನ ಹೊರವಲಯದ ವಿರಾರ್‌ನಲ್ಲಿರುವ ರೋಗಿಯ ಮಗ ಪರೇಲ್‌ನ ಆಸ್ಪತ್ರೆಗೆ ಬಂದು, ಸಾಲಿನಲ್ಲಿ ನಿಂತು, ಮಾತ್ರೆ ಒಯ್ಯುವುದಕ್ಕೆ ಒಂದು ದಿನದ ಕೂಲಿ ಬಿಡಬೇಕು. ಶನಿವಾರ ಮಾತ್ರೆ ಮುಗಿದರೆ ಸೋಮವಾರದವರೆಗೆ ನರಳಾಟ. ಎರಡು ವಾರಕ್ಕೆ ಸುಮಾರು ನೂರು ಮಾತ್ರೆ ಬೇಕಾಗುವ ರೋಗಿಗೆ ಒಂದು ವಾರದ್ದು ಕೊಟ್ಟು ಕಳಿಸುವ ಕೌಂಟರ್ ನಿಯಮಕ್ಕೆ ಕಾನೂನಿನ ಒತ್ತಾಯವಿಲ್ಲ, ಅಭ್ಯಾಸದ ಭಯವಷ್ಟೇ.

ಇನ್ನೂ ಒಂದು ತೊಡಕು ಹೊರನಾಡ ಕನ್ನಡಿಗರಿಗೇ ವಿಶೇಷ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತಾರೆ, ಅದು ಯಾವ ಭಾಷೆಯಲ್ಲೂ ನಡೆಯುತ್ತದೆ. ಆದರೆ ಎಂಥ ನೋವು ಎಂಬುದಕ್ಕೆ ಮಾತು ಬೇಕು. ಕಲಬುರಗಿ ಕಡೆಯ ಅಜ್ಜಿ ‘ಝುಮುಝುಮು ಅಂತದ, ಬೆಂಕಿ ಇಟ್ಟಂಗ ಉರೀತದ’ ಎಂದರೆ ಅದು ನರದ ನೋವು. ಮಾರ್ಫಿನ್ ಒಂದರಿಂದಲೇ ಇಳಿಯುವುದಿಲ್ಲ, ಅಮಿಟ್ರಿಪ್ಟಿಲಿನ್ ಅಥವಾ ಪ್ರಿಗಾಬಲಿನ್‌ನಂಥದ್ದು ಸೇರಬೇಕು. ಪಕ್ಕದಲ್ಲಿ ನಿಂತ ಮೊಮ್ಮಗ ಅದನ್ನು ಹಿಂದಿಯಲ್ಲಿ ‘ಬಹುತ್ ದರ್ದ್ ಹೈ’ ಎಂದು ಮುಗಿಸುತ್ತಾನೆ. ಡಾಕ್ಟರು ಮಾರ್ಫಿನ್ ಏರಿಸುತ್ತಾರೆ, ಅಜ್ಜಿಗೆ ಮಂಪರು ಬರುತ್ತದೆ, ಉರಿ ಹಾಗೇ ಉಳಿಯುತ್ತದೆ. ಉರಿ, ಸೆಳೆತ, ಸಿಡಿತ, ಚುಚ್ಚು, ಮರಗಟ್ಟುವುದು, ಜೋಮು: ಈ ಆರು ಕನ್ನಡ ಪದಗಳ ಎದುರು ಮರಾಠಿ ಮತ್ತು ಹಿಂದಿ ಪದ ಬರೆದ ಒಂದು ಹಾಳೆ ಪ್ರತಿ ಪ್ಯಾಲಿಯೇಟಿವ್ ಹೊರರೋಗಿ ವಿಭಾಗದಲ್ಲಿ ತೂಗಿದರೆ ಸರ್ಕಾರಕ್ಕೆ ಖರ್ಚು ಕಾಗದದ್ದು. ಮುಂಬೈನ ಮಾಟುಂಗಾ, ಮಾಹಿಮ್‌ನ ನಮ್ಮ ಕನ್ನಡ ಸಂಘಗಳೂ ಇದನ್ನು ಮಾಡಿಕೊಡಬಹುದು.

ಮನೆಯೇ ಇಲ್ಲದವರ ಮನೆ ಆರೈಕೆ

ಕೇರಳದ ಮಾದರಿಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಕೆಲಸ ಮುಂದೆ ಪಂಚಾಯಿತಿಗಳ ಯೋಜನಾ ಹಣಕ್ಕೆ ಜೋಡಿಸಿಕೊಂಡಿತು; ಪಂಚಾಯಿತಿಯ ನರ್ಸ್, ಸ್ವಯಂಸೇವಕರು, ಜೀಪು, ಮನೆಮನೆ ಭೇಟಿ. ಗುಟ್ಟು ಇರುವುದು ದಯೆಯಲ್ಲಲ್ಲ, ಲೆಕ್ಕದ ಶೀರ್ಷಿಕೆಯಲ್ಲಿ. ದುಡ್ಡು ಪ್ರತಿ ವರ್ಷ ತಾನಾಗಿ ಬರುತ್ತದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತನ್ನದೇ ಬಜೆಟ್ ಇಲ್ಲ. ರಾಜ್ಯಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆಯಲ್ಲಿ ಕೇಳಿದರೆ ಉಂಟು, ಮರೆತರೆ ಇಲ್ಲ. ಅಲ್ಲಿ ನೇಮಕವಾದ ನರ್ಸ್ ಗುತ್ತಿಗೆಯವರು, ಮಾರ್ಚ್ ಬಂದರೆ ಅವರಿಗೆ ನಡುಕ.

ಆದರೆ ಕೇರಳವನ್ನು ಮುಂಬೈಗೆ ಹಾಗೇ ಇಳಿಸಲು ಬರುವುದಿಲ್ಲ. ಮನೆ ಆರೈಕೆಗೆ ಮನೆ ಬೇಕಲ್ಲ. ಧಾರಾವಿಯ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಆರು ಜನ, ಮೇಲಿನ ಮಾಳಿಗೆಗೆ ಕಬ್ಬಿಣದ ಏಣಿ, ಶೌಚಾಲಯ ಓಣಿಯ ತುದಿಯಲ್ಲಿ. ಚಾಳಿನ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ, ರೋಗಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಇಳಿಸಬೇಕು. ಗೋವಾದ ವಾಸ್ಕೊದ ಬಾಯ್ನಾ, ಝುವಾರಿನಗರದಲ್ಲಿ ಬಾಡಿಗೆಗಿರುವ ಉತ್ತರ ಕರ್ನಾಟಕದ ಕೂಲಿಕಾರರಿಗೆ ಇನ್ನೊಂದು ಕಷ್ಟ: ತನ್ನ ಕೋಣೆಯಲ್ಲಿ ಸಾವು ಆಗಬಾರದೆಂದು ಮಾಲೀಕ ಮೊದಲೇ ಹೇಳಿಬಿಡುತ್ತಾನೆ. ಇಂಥವರಿಗೆ ಹಾಸಿಗೆಯುಳ್ಳ ಹಾಸ್ಪೈಸ್, ಅಂದರೆ ಕೊನೆಗಾಲದ ಆರೈಕೆಯ ಮನೆ ಬೇಕು.

ಅದಕ್ಕೂ ಮಾದರಿ ಇಲ್ಲಿಯೇ ಇದೆ. ದೇಶದ ಮೊದಲ ಹಾಸ್ಪೈಸ್ ಶಾಂತಿ ಆವೇದನಾ ಸದನ 1986ರಲ್ಲಿ ಶುರುವಾದದ್ದು ಬಾಂದ್ರಾದಲ್ಲಿ. ಗೋವಾದ ಲೌಟೊಲಿಮ್‌ನಲ್ಲೂ ಅದರ ಕೇಂದ್ರವಿದೆ. ಪುಣೆಯ ವಾರ್ಜೆಯಲ್ಲಿ ಸಿಪ್ಲಾ ಪ್ಯಾಲಿಯೇಟಿವ್ ಕೇರ್ ಕೇಂದ್ರ 1997ರಿಂದ ಹಣ ತೆಗೆದುಕೊಳ್ಳದೆ ನಡೆಯುತ್ತಿದೆ. ಟಾಟಾ ಮೆಮೋರಿಯಲ್‌ನ ಪ್ಯಾಲಿಯೇಟಿವ್ ವಿಭಾಗದ ತಂಡಗಳು ನಗರದಲ್ಲಿ ಮನೆಗೂ ಹೋಗುತ್ತವೆ. ಇವೆಲ್ಲ ದಾನ, ಟ್ರಸ್ಟು, ಒಂದು ಸಂಸ್ಥೆಯ ಶ್ರದ್ಧೆಯಿಂದ ನಿಂತವು, ಹೆಚ್ಚಿನವು ಕ್ಯಾನ್ಸರ್‌ನವರಿಗೆ. ಪಾರ್ಶ್ವವಾಯು, ಮರೆವು, ಶ್ವಾಸಕೋಶ, ಕಿಡ್ನಿ, ಹೃದಯ ಸೋತವರಿಗೆ ಬಾಗಿಲು ಕಿರಿದು. ಸರ್ಕಾರಿ ವಿಮೆಯೂ ಕೈಹಿಡಿಯುವುದಿಲ್ಲ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆ, ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಎರಡೂ ಕಟ್ಟಿರುವುದು ಆಪರೇಷನ್, ಕಿಮೊ, ಅಡ್ಮಿಷನ್‌ಗಳ ಪ್ಯಾಕೇಜಿನ ಮೇಲೆ. ನರ್ಸ್ ಮನೆಗೆ ಬಂದು ಗಾಯ ತೊಳೆದು ಹೋದದ್ದಕ್ಕೆ ಬಿಲ್ಲು ಹಾಕಲು ಅಂಕಣವಿಲ್ಲ. ಖಾಸಗಿ ವಿಮೆಯಲ್ಲೂ ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ಹೀಗಾಗಿ ಮನೆಯಲ್ಲಿ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಕ್ಕೆ ಜನ ಆಸ್ಪತ್ರೆ ಸೇರುತ್ತಾರೆ. ಸರ್ಕಾರ ಅಲ್ಲಿ ಹೆಚ್ಚು ಕೊಡುತ್ತದೆ.

ಎಷ್ಟು ನರ್ಸ್ ಬೇಕು? ಒಂದು ಒರಟು ಲೆಕ್ಕ ಹಾಕೋಣ. ವರ್ಷಕ್ಕೆ ಸಾವಿರಕ್ಕೆ ಆರು ಸಾವು ಎಂದರೆ ಲಕ್ಷ ಜನಸಂಖ್ಯೆಗೆ 600. ಅರ್ಧದಷ್ಟು ಜನಕ್ಕೆ ಕೊನೆಗೆ ಈ ಆರೈಕೆ ಬೇಕು ಎಂದುಕೊಂಡರೆ 300. ತಲಾ ಮೂರು ತಿಂಗಳು ಹಿಡಿದರೆ ಯಾವುದೇ ಹೊತ್ತಿನಲ್ಲಿ 75 ರೋಗಿಗಳು. ಅವರಲ್ಲಿ ಮೂರನೇ ಒಂದು ಭಾಗ ಮನೆ ಬಿಟ್ಟು ಹೊರಡಲಾರದವರು, ಅಂದರೆ 25. ಟ್ರಾಫಿಕ್ಕಿನಲ್ಲಿ ಒಬ್ಬ ನರ್ಸ್ ದಿನಕ್ಕೆ ಐದು ಮನೆ, ವಾರಕ್ಕೆ 25 ಮನೆ ಮುಗಿಸಬಹುದು. ಹಾಗಾದರೆ ಲಕ್ಷಕ್ಕೆ ಒಬ್ಬ ನರ್ಸ್. 2011ರ ಜನಗಣತಿಯ 1.24 ಕೋಟಿ ಜನಸಂಖ್ಯೆಯ ಮುಂಬೈಗೆ ಸುಮಾರು 125. ಕೂರಲು ಹೊಸ ಕಟ್ಟಡವೂ ಬೇಡ. ಮುಂಬೈ ಮಹಾನಗರ ಪಾಲಿಕೆ (ಬಿಎಂಸಿ) 2022ರಲ್ಲಿ ಶುರು ಮಾಡಿದ ‘ಆಪ್ಲಾ ದವಾಖಾನಾ’ ಎಂಬ ಸಣ್ಣ ಕ್ಲಿನಿಕ್‌ಗಳಿವೆ, ಆರೋಗ್ಯ ಸೇವಿಕೆಯರಿಗೆ ಪ್ರತಿ ಓಣಿಯೂ ಗೊತ್ತು. 2011ರಲ್ಲೇ ಶೇ. 11ಕ್ಕಿಂತ ಹೆಚ್ಚು ಜನ 60 ದಾಟಿದವರಿದ್ದ ಗೋವಾದಂಥ ಕಡೆ ಈ ಸಂಖ್ಯೆ ಇನ್ನೂ ಏರುತ್ತದೆ.

ಆ ನರ್ಸ್ ಚೀಲದಲ್ಲಿ ಏನಿರಬೇಕು ಎಂಬುದೂ ನೀತಿಯ ವಿಷಯವೇ. ಬಿಪಿ ಯಂತ್ರ, ಮೂತ್ರದ ಕ್ಯಾಥೆಟರ್, ಮೂಗಿನ ನಳಿಕೆ, ಗಾಯಕ್ಕೆ ಕಟ್ಟುವ ಬಟ್ಟೆ. ಕ್ಯಾನ್ಸರ್ ಗಾಯದ ದುರ್ವಾಸನೆಗೆ ಪುಡಿ ಮಾಡಿ ಉದುರಿಸುವ ಮೆಟ್ರೊನಿಡಜೋಲ್. ನುಂಗಲಾರದವರಿಗೆ ಚರ್ಮದಡಿ ಔಷಧಿ ಕೊಡುವ ಸಣ್ಣ ಬಟರ್‌ಫ್ಲೈ ಸೂಜಿ. ಕೊನೆಯ ಹೊತ್ತಿನ ಗಂಟಲ ಗೊರಗೊರಕ್ಕೆ, ತಳಮಳಕ್ಕೆ ಇಂಜೆಕ್ಷನ್. ಉಸಿರಾಟ ಕಷ್ಟವಾದವರಿಗೆ ಎಲ್ಲರೂ ಮೊದಲು ಆಕ್ಸಿಜನ್ ಯಂತ್ರ ತರುತ್ತಾರೆ. ರಕ್ತದಲ್ಲಿ ಆಮ್ಲಜನಕ ಸರಿಯಿದ್ದರೆ ಅದರಿಂದ ಕರೆಂಟ್ ಬಿಲ್ಲು ಬರುತ್ತದೆ, ಆರಾಮ ಬರುವುದಿಲ್ಲ. ಮುಖಕ್ಕೆ ಗಾಳಿ ಬೀಸುವ ಸಣ್ಣ ಫ್ಯಾನು ಮತ್ತು ಕಡಿಮೆ ಡೋಸಿನ ಮಾರ್ಫಿನ್ ಹೆಚ್ಚು ಕೆಲಸ ಮಾಡುತ್ತವೆ. ಇದನ್ನು ಹೇಳಿಕೊಡಲು ಒಬ್ಬರು ಬೇಕು. ರೋಗಿಯನ್ನು ನೋಡಿಕೊಳ್ಳಲು ನರ್ಸಿಂಗ್ ಬ್ಯೂರೋದಿಂದ ಬರುವ ಮೌಶಿಗೆ (ಆಯಾಗೆ) ಯಾರೂ ಹೇಳಿಕೊಟ್ಟಿಲ್ಲ.

ಸತ್ತ ಮೇಲಿನ ಸಹಿ

ಮನೆಯಲ್ಲೇ ಕೊನೆಯುಸಿರು ಎಳೆಯಲಿ, ಬಾಯಿಗೆ ತುಳಸಿ ನೀರು ಬಿಡೋಣ ಎಂದುಕೊಂಡವರೂ ಕೊನೆಯ ಗಂಟೆಯಲ್ಲಿ ಆಸ್ಪತ್ರೆಗೆ ಓಡುವುದೇಕೆ? ಅರ್ಧ ಕಾರಣ ಗಾಬರಿ. ಇನ್ನರ್ಧ ಒಂದು ಫಾರ್ಮು.

ಮನೆಯಲ್ಲಿ ಸಾವಾದರೆ ಸಾವಿನ ಕಾರಣದ ಪ್ರಮಾಣಪತ್ರವನ್ನು 4ಎ ನಮೂನೆಯಲ್ಲಿ, ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಕೊಡಬೇಕು. ಅದಿಲ್ಲದೆ ಸ್ಮಶಾನದ ಕಚೇರಿಯಲ್ಲಿ ಕೆಲಸ ನಡೆಯುವುದಿಲ್ಲ. 21 ದಿನದೊಳಗಿನ ನೋಂದಣಿ, ಮುಂದೆ ವಿಮೆ, ಬ್ಯಾಂಕು, ಮನೆಯ ಹಕ್ಕು ಎಲ್ಲಕ್ಕೂ ಅದೇ ಬುಡ. ಕುಟುಂಬದ ವೈದ್ಯರೆಂಬ ಸಂತತಿ ನಗರಗಳಲ್ಲಿ ಕಡಿಮೆಯಾಗಿದೆ. ಬೆಳಗಿನ ಜಾವ ಮೂರಕ್ಕೆ, ತಾವು ಎಂದೂ ನೋಡದ ರೋಗಿಗೆ ಸಹಿ ಹಾಕಲು ಯಾವ ಡಾಕ್ಟರು ಬರುತ್ತಾರೆ? ಬರದಿದ್ದರೆ ಶವವನ್ನು ಕ್ಯಾಷುವಾಲ್ಟಿಗೆ ಒಯ್ಯಬೇಕು. ಅಲ್ಲಿ ‘ತರುವಾಗಲೇ ಸತ್ತಿದ್ದರು’ ಎಂದು ಬರೆದರೆ ಪೊಲೀಸ್ ಚೌಕಿ, ಕೆಲವೊಮ್ಮೆ ಪೋಸ್ಟ್‌ಮಾರ್ಟಂ. ಆರು ತಿಂಗಳಿಂದ ಕ್ಯಾನ್ಸರ್‌ನಲ್ಲಿ ನರಳಿದ ದೇಹಕ್ಕೆ ಅದು ಬೇಕೇ?

ಡಾಮಾ ಸಹಿ ಹಾಕಿ ಬಂದವರ ಸ್ಥಿತಿ ಇನ್ನೂ ಕಷ್ಟ, ಕೈಯಲ್ಲಿರುವ ಕಾಗದವೇ ‘ಸಲಹೆ ಮೀರಿ’ ಎನ್ನುತ್ತದೆ. ಪರಿಹಾರಕ್ಕೆ ಹೊಸ ಕಾನೂನು ಬೇಡ, ಎರಡು ಸುತ್ತೋಲೆ ಸಾಕು. ಒಂದು, ಗುಣವಾಗದ ಕಾಯಿಲೆಯವರನ್ನು ಮನೆಗೆ ಕಳಿಸುವಾಗ ಡಾಮಾ ಬದಲು ‘ಪ್ಯಾಲಿಯೇಟಿವ್ ಡಿಸ್ಚಾರ್ಜ್’ ಎಂಬ ನಮೂನೆ: ರೋಗನಿರ್ಣಯ, ರೋಗ ಯಾವ ಹಂತದಲ್ಲಿದೆ, ಸಾವು ನಿರೀಕ್ಷಿತ ಎಂಬ ಒಂದು ವಾಕ್ಯ, ಎರಡು ವಾರದ ಔಷಧಿ, ಕರೆ ಮಾಡಬೇಕಾದ ನಂಬರು. ಎರಡು, ಪ್ರತಿ ವಾರ್ಡಿನಲ್ಲಿ, ಗೋವಾದಲ್ಲಾದರೆ ಪ್ರತಿ ತಾಲೂಕಿನಲ್ಲಿ, ರಾತ್ರಿ ಪಾಳಿಯ ಒಬ್ಬ ವೈದ್ಯಾಧಿಕಾರಿ ಆ ಕಾಗದ ನೋಡಿ, ಮನೆಗೆ ಬಂದು ಪರೀಕ್ಷಿಸಿ 4ಎ ಕೊಡುವ ವ್ಯವಸ್ಥೆ. ಸುಳ್ಳು ಸಹಿಯ ಭಯ ಇರುವುದು ನಿಜ. ಹಾಗಾಗಿಯೇ ಮೊದಲ ಕಾಗದ ಗಟ್ಟಿಯಾಗಿರಬೇಕು.

ಊರಿಗೆ ಹೊರಡುವವರಿಗೆ ಈ ಕಾಗದ ಇನ್ನೂ ಮುಖ್ಯ. ಪುಣೆಯ ಕಟ್ಟಡ ಕೆಲಸದವರು ಕೈಲಾಗದಾದಾಗ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿ ಕಡೆಗೆ, ವಾಸ್ಕೊದವರು ಹುಬ್ಬಳ್ಳಿ ಕಡೆಗೆ ಹೊರಡುತ್ತಾರೆ. ಜೊತೆಗೆ ಮಾರ್ಫಿನ್ ಇದ್ದರೆ ಮಾತ್ರೆಯ ಮೂಲ ಪೊಟ್ಟಣ, ಚೀಟಿಯ ಮೂಲಪ್ರತಿ, ಡೋಸ್ ಮತ್ತು ಕೊಟ್ಟ ಮಾತ್ರೆಗಳ ಸಂಖ್ಯೆ ಬರೆದ ಪತ್ರ ಮೂರೂ ಒಟ್ಟಿಗೇ ಇರಬೇಕು. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬಾರದು. ಮರಾಠಿಯಲ್ಲಿ ಬರೆದ ಡಿಸ್ಚಾರ್ಜ್ ಕಾಗದ ತಾಲೂಕು ಆಸ್ಪತ್ರೆಯಲ್ಲಿ ಓದಿಸಿಕೊಳ್ಳುವುದು ಕಷ್ಟ, ಇಂಗ್ಲಿಷಿನಲ್ಲೇ ಕೇಳಿ ಪಡೆಯಿರಿ. ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಕಸಕ್ಕೆ ಹಾಕದೆ, ಇನ್ನೊಬ್ಬರಿಗೆ ಕೊಡದೆ, ಕೊಟ್ಟ ಕೇಂದ್ರಕ್ಕೆ ಮರಳಿಸಬೇಕು. ಹೊರಡುವ ಮತ್ತು ಸೇರುವ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಮಾರ್ಫಿನ್ ಸಿಗುವ ಕೇಂದ್ರಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿದರೆ ಈ ಪ್ರಯಾಣದ ಅರ್ಧ ಆತಂಕ ಹೋಗುತ್ತದೆ.

ಪ್ರಕಟಿಸದಿದ್ದರೆ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಎಫ್‌ಡಿಎಗೆ: ನಮ್ಮ ಜಿಲ್ಲೆಯಲ್ಲಿ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಯಾವುವು, ಕಳೆದ ವರ್ಷ ಪ್ರತಿಯೊಂದೂ ಎಷ್ಟು ಮಾರ್ಫಿನ್ ತರಿಸಿಕೊಂಡಿತು? ಆರೋಗ್ಯ ಅಭಿಯಾನದ ಜಿಲ್ಲಾ ಕಚೇರಿಗೆ: ಪ್ಯಾಲಿಯೇಟಿವ್ ಕೇರ್‌ಗೆ ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು, ನರ್ಸ್‌ಗಳ ಮನೆಭೇಟಿ ಎಷ್ಟು? ನಗರಪಾಲಿಕೆಗೆ: ಲಿವಿಂಗ್ ವಿಲ್ ಕಾಪಿಡುವ ಅಧಿಕಾರಿ ಯಾರು, ಎರಡನೇ ಮಂಡಳಿಗೆ ಹೆಸರಿಸಿದ ವೈದ್ಯರ ಪಟ್ಟಿ ಎಲ್ಲಿದೆ, ರಾತ್ರಿ 4ಎ ನಮೂನೆಗೆ ಸಹಿ ಮಾಡುವವರು ಯಾರು? ಮೂರು ಕಚೇರಿ, ಮೂರು ಅರ್ಜಿ, ಮೂವತ್ತು ರೂಪಾಯಿ.